ಸುಟ್ಟುಹೋಯಿತು ಎಂಬ ಮಾತನ್ನು ಒಪ್ಪದವರು

ಹೊಸ ಬೋರ್ಡಿಗೆ ಮೊದಲ ಸಲ ಕರೆಂಟು ಕೊಡುವ ಮುನ್ನ ಅವರು ಬಳೆಗಳನ್ನು ತೆಗೆದಿಡುತ್ತಿದ್ದರು. ಎಡಗೈಯ ಎರಡು ಚಿನ್ನದ ಬಳೆ, ಬಲಗೈಯ ಬಳೆ, ಬೆರಳಿನ ಉಂಗುರ ಇಷ್ಟನ್ನೂ ಒಂದೊಂದಾಗಿ ಬಿಚ್ಚಿ ಮೇಜಿನ ಮೂಲೆಯಲ್ಲಿದ್ದ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಿದ್ದರು. ಕೊರಳಿನ ಸರವನ್ನು ರವಿಕೆಯ ಒಳಗೆ ಸೇರಿಸಿ, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ಆಮೇಲೆಯೇ ಮೇಜಿನ ಬಳಿ ನಿಲ್ಲುತ್ತಿದ್ದರು. ಕಚೇರಿಯ ಹೆಂಗಸರಿಗೆ ಇದರಿಂದ ಕಸಿವಿಸಿಯಾಗುತ್ತಿತ್ತು.

"ಬರಿಗೈಲಿ ನಿಂತ್ಕಬ್ಯಾಡ್ರಿ ಮೇಡಂ, ನೋಡಾಕೆ ಒಂಥರಾ ಆಗುತ್ತೆ" ಎಂದು ಗುಮಾಸ್ತೆಯೊಬ್ಬರು ಒಮ್ಮೆ ಬಾಗಿಲಲ್ಲೇ ನಿಂತು ಹೇಳಿದರು.

"ನಮ್ಮನೆಯವ್ರು ಗಟ್ಟಿಮುಟ್ಟಾಗವ್ರೆ ಕಣಮ್ಮ. ಈ ಬಳೆ ಜಾರಿ ಬೋರ್ಡ್ ಮ್ಯಾಲೆ ಬಿದ್ರೆ ನಾನು ಗಟ್ಟಿಮುಟ್ಟಾಗಿರಾಕಿಲ್ಲ ಅಷ್ಟೆ."

ಅವರು ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದ ಬೋಧಕಿ. ದುರ್ಗದ ಕಡೆಯ ಆ ಖಾಸಗಿ ತಾಂತ್ರಿಕ ಕಾಲೇಜಿನಲ್ಲಿ ಪ್ರಾಧ್ಯಾಪಕರು ಹಲಗೆಯ ಮೇಲೆ ಬರೆದು ಹೋದದ್ದನ್ನು ಮೇಜಿನ ಮೇಲೆ ಮಾಡಿ ತೋರಿಸುವುದು ಅವರ ಕೆಲಸವಾಗಿತ್ತು. ಓದಿದ್ದು ಡಿಪ್ಲೊಮಾ. ಹುದ್ದೆ ಗುತ್ತಿಗೆಯದು, ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ಮತ್ತೆ ಆದೇಶ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಪದವಿಯ ಮೇಲೆ ಪದವಿ ಪಡೆದವರು ಅವರನ್ನು 'ಲ್ಯಾಬ್ ಮೇಡಂ' ಎನ್ನುತ್ತಿದ್ದರು, ಆ ಎರಡು ಪದಗಳ ನಡುವೆ ಒಂದು ಸಣ್ಣ ತಿರಸ್ಕಾರವನ್ನು ಇಟ್ಟು. ತಮ್ಮ ಯಂತ್ರ ಕೆಟ್ಟಾಗ ಮಾತ್ರ ಅದೇ ಪದಗಳಿಗೆ ಬೆಣ್ಣೆ ಸವರುತ್ತಿದ್ದರು.

ಆ ಕಾಲೇಜು ಈಗ ಸ್ಮರಣ ಸಂಚಿಕೆಯೊಂದನ್ನು ತರುತ್ತಿದೆ. ಮರೆಯಲಾಗದ ಗುರುಗಳ ಕುರಿತು ನಾಲ್ಕು ಸವಿನೆನಪು ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬಂದಿದೆ. ಪತ್ರದ ಜೊತೆಗೆ, ನೆನಪಿಗೆ ಅನುಕೂಲವಾಗಲೆಂದು, ಬೋಧಕರ ಪಟ್ಟಿ. ಅದರಲ್ಲಿ ಅವರ ಹೆಸರಿಲ್ಲ. ಆದ್ದರಿಂದ ನಾನೂ ಅವರ ಹೆಸರನ್ನು ಬರೆಯುವುದಿಲ್ಲ. ಪಟ್ಟಿ ಮಾಡಿದವರೇ ಹುಡುಕಿಕೊಳ್ಳಲಿ. ಅವರನ್ನು ಹೊರಗೆ ಕಳಿಸಿದ ಸುಳ್ಳು ವರದಿಯೊಂದು ಕಾಲೇಜಿನ ಕಡತದಲ್ಲಿ ಏಳು ವರ್ಷದಿಂದ ಸತ್ಯದ ವೇಷ ಹಾಕಿಕೊಂಡು ಕುಳಿತಿದೆ. ಅದರ ಕೆಳಗೆ ಇರುವ ಸಹಿಗಳಲ್ಲಿ ನನ್ನದೂ ಒಂದು. ಆ ವರದಿಯನ್ನು ತಿದ್ದಿಸುವುದು ಈ ಬರಹದ ಉದ್ದೇಶ. ಸವಿನೆನಪು ಬೇಕಾದವರು ಬೇರೆ ಪುಟ ತಿರುವಬಹುದು.

ಮತ್ತೋಡಿನ ಸಮೀಪದ ಹಳ್ಳಿಯೊಂದರ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರು ಅವರು. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ, ಮೆರೆಸುತ್ತಲೂ ಇರಲಿಲ್ಲ; ಪಾಠಕ್ಕೆ ಬೇಕಾದಾಗ ಬಳಸುತ್ತಿದ್ದರು. ನಾವು ಮೊದಲ ಬಾರಿ ಬೆಸುಗೆ ಹಾಕಿ ಮುಗಿಸಿದ ಬೋರ್ಡನ್ನು ಹೊತ್ತು, ಈಗಲೇ ಸ್ವಿಚ್ ಒತ್ತಿ ದೀಪ ಮಿನುಗಿಸುವ ಆತುರದಲ್ಲಿ ಅವರ ಮುಂದೆ ನಿಂತ ದಿನ ಅವರು ಕೇಳಿದ್ದು ಇದು:

"ಸಂತೆಯಿಂದ ಹೊಸಾ ಕುರಿ ತಂದ್ರೆ ಸೀದಾ ಹಿಂಡಿಗೆ ಬಿಡ್ತಾರೇನ್ರೋ?"

ಹೊಳಲ್ಕೆರೆಯ ಪೇಟೆಯಲ್ಲಿ ಬೆಳೆದ ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ಯಾರೋ "ಇಲ್ಲ ಮೇಡಂ, ಬ್ಯಾರೆ ಕಟ್ತಾರೆ" ಎಂದರು.

"ಯಾಕೆ ಬ್ಯಾರೆ ಕಟ್ತಾರೆ?"

"ರೋಗ ಇದ್ರೆ ಎಲ್ಲಾದಕ್ಕೂ ಹತ್ತುತ್ತೆ."

"ಹಂಗಾದ್ರೆ ಇದನ್ಯಾಕೆ ಸೀದಾ ಬಿಡಾಕೆ ನಿಂತಿದೀರಿ? ಇದ್ರ ರೋಗ ನಿಮಗೆ ಗೊತ್ತೈತಾ?"

ಆ ನಂತರ ಪ್ರಾರಂಭವಾಗುತ್ತಿತ್ತು ಅವರ ವಿಧಿ. ಮೊದಲು ಕಣ್ಣು: ಭೂತಗನ್ನಡಿ ಹಿಡಿದು ಒಂದೊಂದು ಬೆಸುಗೆಯನ್ನೂ ನೋಡುವುದು, ಪಕ್ಕಪಕ್ಕದ ಎರಡು ಕಾಲುಗಳ ನಡುವೆ ಸೀಸ ಹರಿದು ಸೇತುವೆಯಾಗಿದೆಯೇ, ಚಿಪ್ಪು ತಿರುಗುಮುರುಗಾಗಿ ಕೂತಿದೆಯೇ ಎಂದು. ಆಮೇಲೆ ಮೀಟರು: ಬೋರ್ಡಿಗೆ ಕರೆಂಟು ಬರುವ ಎರಡು ತಂತಿಗಳ ನಡುವೆ ಮೀಟರಿನ ಎರಡು ಮೊನೆ ಇಟ್ಟು ಕಿವಿಗೊಡುವುದು. ಅದು ಒಮ್ಮೆ ಕೀಂ ಎಂದು ಸುಮ್ಮನಾದರೆ ಸರಿ; ಕೂಗುತ್ತಲೇ ಇದ್ದರೆ ಒಳಗೆಲ್ಲೋ ಎರಡು ತಂತಿ ಒಂದಾಗಿವೆ. ಮನೆಯ ಕರೆಂಟಿಗೆ ನೇರವಾಗಿ ಸೇರುವ ಬೋರ್ಡಾದರೆ ಅದರ ದಾರಿಯಲ್ಲಿ ಒಂದು ಹಳೆಯ ಕಾಲದ ಬಲ್ಬು. ಈ 'ಸೀರೀಸ್ ಬಲ್ಬು' ಅವರ ನೆಚ್ಚಿನ ಕಾವಲುಗಾರ. ಬೋರ್ಡು ಸರಿಯಿದ್ದರೆ ಬಲ್ಬು ಒಮ್ಮೆ ಮಿಂಚಿ ಮಂಕಾಗುತ್ತದೆ. ಬೋರ್ಡಿನಲ್ಲಿ ದೋಷವಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. ಬೋರ್ಡನ್ನು ಸುಡಬೇಕಾಗಿದ್ದ ಕರೆಂಟನ್ನು ತಾನು ಉಂಡು ಬೆಳಗುತ್ತದೆ. ಇಷ್ಟಾದ ಮೇಲೂ ಒಂದೇ ಬಾರಿಗೆ ಇಡೀ ಬೋರ್ಡಿಗೆ ಪ್ರಾಣ ಬರುತ್ತಿರಲಿಲ್ಲ. ವಿದ್ಯುತ್ ಪೂರೈಸುವ ಮೂಲೆಗೆ ಮೊದಲು, ಅಲ್ಲಿ ಐದು ವೋಲ್ಟ್ ಸರಿಯಾಗಿ ಬಂತೆಂದರೆ ಪಕ್ಕದ ಭಾಗಕ್ಕೆ, ಕಡೆಗೆ ಚಿಪ್ಪಿಗೆ.

ಕಡಿಮೆ ವೋಲ್ಟಿನ ಭಾಗದಲ್ಲಿ ಬೆರಳಿನ ಹಿಂಬದಿಯಿಂದ ಒಂದೊಂದು ಚಿಪ್ಪನ್ನೂ ಅವರು ಸೋಕಿ ನೋಡುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ನಮ್ಮಪ್ಪ ಕುರಿ ಕಿವಿ ಹಿಡಿದು ಜ್ವರ ಹೇಳ್ತಿದ್ದ. ನಾನು ಅಷ್ಟು ದೊಡ್ಡೋಳಲ್ಲ, ಬಿಸಿ ಆಗೈತೆ ಅಂತ ಮಾತ್ರ ಹೇಳ್ತೀನಿ" ಎನ್ನುತ್ತಿದ್ದರು. ಮನೆಯ ಕರೆಂಟು ಹರಿಯುವ ಭಾಗಕ್ಕೆ ಮಾತ್ರ ಬೆರಳು ಸುಳಿಯಗೊಡುತ್ತಿರಲಿಲ್ಲ. ಅಲ್ಲಿ ಒಂದು ಕೈ ಬೆನ್ನ ಹಿಂದೆ. ಸ್ವಿಚ್ ಆರಿಸಿದ ಮೇಲೂ ಮೀಟರು ಸೊನ್ನೆ ತೋರಿಸುವವರೆಗೆ ಕಾಯುವುದು.

ಆದರೆ ಅವರನ್ನು ಇತರ ಎಲ್ಲ ಎಚ್ಚರಸ್ಥರಿಂದ ಬೇರೆ ಮಾಡಿದ್ದು ಒಂದು ಕ್ರಿಯಾಪದ. ಪ್ರಯೋಗಾಲಯದಲ್ಲಿ ಉದ್ದನೆಯ ನೋಟುಪುಸ್ತಕವೊಂದಿತ್ತು. ಕೆಟ್ಟದ್ದು, ಒಡೆದದ್ದು, ಸುಟ್ಟದ್ದು ಎಲ್ಲವನ್ನೂ ಅದರಲ್ಲಿ ಮಾಡಿದವರೇ ಬರೆಯಬೇಕು. ನಮ್ಮಲ್ಲೊಬ್ಬ ಮೊದಲ ವರ್ಷದಲ್ಲೇ ಚಿಪ್ಪೊಂದನ್ನು ಬೂದಿ ಮಾಡಿ, 'ಚಿಪ್ಪು ಸುಟ್ಟುಹೋಯಿತು' ಎಂದು ಅಂದವಾಗಿ ಬರೆದಿಟ್ಟ. ಅವರು ಓದಿದರು. ಕನ್ನಡಕ ಮೇಲೆತ್ತಿ ಅವನನ್ನು ಕರೆದರು.

"ಏನಪ್ಪ, ಸುಟ್ಟು ಎಲ್ಲಿಗೆ ಹೋಯ್ತು?"

"ಅಂದ್ರೆ ಮೇಡಂ?"

"ನೀನೇ ಬರ್ದಿದೀಯಲ್ಲ, ಹೋಯ್ತು ಅಂತ. ಹೋಗಾಕೆ ಅದ್ಕೇನು ಕಾಲವೆಯಾ?"

"ಕಾಲವೆ ಮೇಡಂ, ಎಂಟು ಕಾಲಿನ ಚಿಪ್ಪು" ಎಂದ ಅವನು, ಮೆಲ್ಲಗೆ.

ಇಡೀ ಪ್ರಯೋಗಾಲಯ ಬಿದ್ದು ಬಿದ್ದು ನಕ್ಕಿತು. ಅವರೂ ನಕ್ಕರು. ನಕ್ಕು ಮುಗಿದ ಮೇಲೆ ಪುಸ್ತಕವನ್ನು ಅವನ ಮುಂದಕ್ಕೆ ತಳ್ಳಿ, "ಹೋಯ್ತು ಅನ್ನಾದು ಹೊಡ್ದಾಕು. ಸುಟ್ಟೆ ಅಂತ ಬರಿ. ಯಾಕೆ ಸುಟ್ಟೆ ಅಂತಾನೂ ಬರಿ" ಎಂದರು.

ನಮ್ಮ ಭಾಷೆಯಲ್ಲಿ ತಪ್ಪು ಮಾಡಿದವನಿಗೆ ಅಡಗಲು ಎಷ್ಟೊಂದು ಜಾಗವಿದೆ ಎಂದು ನಾನು ಗಮನಿಸಿದ್ದು ಆ ದಿನ. ಲೋಟ ಒಡೆದುಹೋಗುತ್ತದೆ, ಕಡತ ಕಳೆದುಹೋಗುತ್ತದೆ, ಸೇತುವೆ ಕುಸಿದುಹೋಗುತ್ತದೆ, ಮಾತು ಮರೆತುಹೋಗುತ್ತದೆ. ಎಲ್ಲವೂ ತಮ್ಮಷ್ಟಕ್ಕೆ ತಾವೇ ಎದ್ದು ಹೊರಟುಹೋಗುತ್ತವೆ. ಅಲ್ಲಿ ನಿಂತಿದ್ದ ಮನುಷ್ಯನಿಗೂ ಅದಕ್ಕೂ ಸಂಬಂಧವಿಲ್ಲ. ಅವರು ಆ ನೋಟುಪುಸ್ತಕದಿಂದ 'ಹೋಯಿತು' ಎಂಬ ಪದವನ್ನೇ ಗಡೀಪಾರು ಮಾಡಿದ್ದರು. ಆ ಕಟ್ಟಳೆಯಿಂದ ತಮ್ಮನ್ನೂ ಹೊರಗಿಟ್ಟಿರಲಿಲ್ಲ. ಪುಸ್ತಕದ ಒಂದು ಪುಟದಲ್ಲಿ ಅವರದೇ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: 'ಮಾತಾಡುತ್ತಾ ತಂತಿ ಅದಲುಬದಲು ಮಾಡಿದೆ. ಕಾಲೇಜಿನ ಒಳ್ಳೆಯ ಮೀಟರನ್ನು ಸುಟ್ಟೆ. ಕರೆಂಟು ಕೊಡುವಾಗ ಇನ್ನು ಮಾತಾಡುವುದಿಲ್ಲ.' ನಿಜಕ್ಕೂ ಅಂದಿನಿಂದ ಅವರು ಆ ಹೊತ್ತಿನಲ್ಲಿ ಬಾಯಿ ತೆರೆದದ್ದನ್ನು ಯಾರೂ ನೋಡಿರಲಿಲ್ಲ.

ದೋಷ ಹುಡುಕುವುದರಲ್ಲಿ ಅವರಿಗಿದ್ದ ತಾಳ್ಮೆಯನ್ನು ಕಂಡದ್ದು ಹೊಳಲ್ಕೆರೆಯ ಮಾರುಕಟ್ಟೆ ಪ್ರಾಂಗಣದಲ್ಲಿ. ಅಲ್ಲಿನ ಅಡಿಕೆ ವ್ಯಾಪಾರಿಯೊಬ್ಬರ ತೂಕದ ಯಂತ್ರ ಬೆಳಿಗ್ಗೆ ಸರಿಯಾಗಿದ್ದು ಮಧ್ಯಾಹ್ನ ಹುಚ್ಚು ಹಿಡಿದಂತೆ ಅಂಕಿ ಕುಣಿಸುತ್ತಿತ್ತು. ರಿಪೇರಿಯವರು ಎರಡು ಸಲ ಬಂದು ಕೈಗೆ ಸಿಕ್ಕಿದ ಭಾಗಗಳನ್ನೆಲ್ಲ ಬದಲಿಸಿದ್ದರು. ನಾನು ಆ ಊರಿನವಳಾದ್ದರಿಂದ ಭಾನುವಾರವೊಂದರಲ್ಲಿ ಅವರೊಂದಿಗೆ ಹೋದೆ. ಅವರು ಯಂತ್ರದ ಹೊದಿಕೆ ಬಿಚ್ಚಿದರು. ಒಂದು ಕುರ್ಚಿ ಹಾಕಿಸಿಕೊಂಡು ಕುಳಿತರು. ಬಿಸಿಲೇರುವವರೆಗೆ ಏನನ್ನೂ ಮುಟ್ಟಲಿಲ್ಲ.

ವ್ಯಾಪಾರಿಗೆ ಸಹನೆ ತಪ್ಪಿತು. "ಏನ್ ಮೇಡಂ, ಅದಕ್ಕೆ ಕಣಿ ಕೇಳಾಕೆ ಕುಂತಿದೀರಾ? ಕಾಯಿ ಕರ್ಪೂರ ತರಿಸ್ಲಾ?"

"ತರಿಸ್ರಿ, ಕಾಯಿ ನಾನು ತಿಂತೀನಿ. ಅದು ಹೆಂಗೆ ಕೆಡುತ್ತೆ ಅಂತ ನೋಡ್ದೆ ಹೆಂಗೆ ಸರಿ ಮಾಡಾದು?"

ಮಧ್ಯಾಹ್ನ ತಗಡಿನ ಸೂರು ಕಾಯುತ್ತಿದ್ದಂತೆ ಅಂಕಿಗಳು ಕುಣಿಯತೊಡಗಿದವು. ಆಗ ಅವರು ಬಿದಿರಿನ ಕಡ್ಡಿಯ ತುದಿಯಿಂದ ಬೋರ್ಡಿನ ಒಂದೊಂದೇ ಜಾಗವನ್ನು ಮೆಲ್ಲಗೆ ತಟ್ಟುತ್ತಾ ಬಂದರು. ಒಂದು ಕಡೆ ತಟ್ಟಿದಾಗ ಅಂಕಿ ನಿಂತಿತು. ಕಡ್ಡಿ ತೆಗೆದಾಗ ಮತ್ತೆ ಕುಣಿಯಿತು. ಕೂದಲೆಳೆಯಂತೆ ಬಿರುಕು ಬಿಟ್ಟ ಒಂದು ಬೆಸುಗೆ, ಶಾಖಕ್ಕೆ ಬಾಯಿ ತೆರೆಯುತ್ತಿತ್ತು. ಸರಿಪಡಿಸಲು ಹಿಡಿದದ್ದು ಎರಡು ನಿಮಿಷ. ಬಸ್ಸಿನಲ್ಲಿ ನನಗೆ ಹೇಳಿದರು: "ಅವ್ರು ಒಂದೇ ಸಲ ಹತ್ತು ಬದಲಿಸಿದ್ರು. ಸರಿಯಾಗಿದ್ರೂ ಯಾವುದ್ರಿಂದ ಆಯ್ತು ಅಂತ ಅವ್ರಿಗೆ ಗೊತ್ತಾಗ್ತಿರಲಿಲ್ಲ. ಒಂದ್ಸಲಕ್ಕೆ ಒಂದು. ಮಾಡಿದ್ದು ಬರ್ಕಬೇಕು. ಅಷ್ಟೇ ಇದ್ಯೆ, ಬ್ಯಾರೆ ಏನೂ ಇಲ್ಲ."

ನಾನು ಕಡೆಯ ವರ್ಷದಲ್ಲಿ ಮಾಡಿದ ಬೋರ್ಡು ಪಂಪಿನ ಮೋಟಾರನ್ನು ಕಾಯುವುದಕ್ಕಾಗಿ. ಮೂರು ಫೇಸಿನಲ್ಲಿ ಒಂದು ಬಾರದಿದ್ದಾಗ ಮೋಟಾರು ಓಡಿದರೆ ಕಾದು ಕೆಡುತ್ತದೆ. ಹಾಗಾಗುವ ಮೊದಲು ನನ್ನ ಬೋರ್ಡು ಅದನ್ನು ನಿಲ್ಲಿಸಬೇಕಿತ್ತು. ಮೊದಲ ಮಾದರಿ ಕೆಲಸ ಮಾಡಿತು. ಎರಡನೆಯದನ್ನು ಇನ್ನೂ ಚಿಕ್ಕದಾಗಿ, ಹೊಸದಾಗಿ ನಕ್ಷೆ ಬರೆದು ಮಾಡಿಸಿದೆ. ಅದು ಕೈಗೆ ಬಂದು ನಾನು ಬೆಸುಗೆ ಮುಗಿಸಿದ ಮರುದಿನವೇ ಕಾಲೇಜಿಗೆ ಪರಿಶೀಲನಾ ತಂಡ ಬರುವುದಿತ್ತು. ವಿಭಾಗದ ಮುಖ್ಯಸ್ಥರಿಗೆ ತಂಡದ ಮುಂದೆ ತೋರಿಸಲು ಏನಾದರೊಂದು ಬೇಕಿತ್ತು.

ಆ ಬೆಳಿಗ್ಗೆ ಮೇಡಂ ನನ್ನ ಬೋರ್ಡಿನ ಪರೀಕ್ಷೆಯನ್ನು ಪ್ರಾರಂಭಿಸಿದ್ದರು. ಬೆಸುಗೆಗಳನ್ನು ನೋಡಿ ಅರ್ಧ ಮುಗಿಸಿದ್ದರು, ಅಷ್ಟರಲ್ಲಿ ಪಕ್ಕದ ಕಟ್ಟಡಕ್ಕೆ ಪರೀಕ್ಷಾ ಮೇಲ್ವಿಚಾರಣೆಗೆ ಹೋಗಬೇಕೆಂದು ಮುಖ್ಯಸ್ಥರಿಂದ ಚೀಟಿ ಬಂತು. ಅವರು ಸ್ವಿಚ್ಚಿನ ಮೇಲೆ ಕೆಂಪು ಟೇಪು ಅಂಟಿಸಿ 'ಕೊಡಬೇಡಿ' ಎಂದು ಬರೆದರು. "ನಾನು ಬರಾವರ್ಗೂ ಮುಟ್ಬ್ಯಾಡ ಕಣೇ. ಯಾರು ಹೇಳಿದ್ರೂ ಮುಟ್ಬ್ಯಾಡ" ಎಂದು ಹೇಳಿ ಹೋದರು.

ತಂಡ ಒಂದು ಗಂಟೆ ಮೊದಲೇ ಬಂತು. ಬೋರ್ಡು ಎಲ್ಲರಿಗೂ ಕಾಣಲೆಂದು ಮುಖ್ಯಸ್ಥರು ಅಟೆಂಡರ್ ತಿಮ್ಮಣ್ಣನವರನ್ನು ಕರೆದು ಅದನ್ನು ಒಂದು ಮರದ ಹಲಗೆಯ ಮೇಲೆ ಓರೆಯಾಗಿ ಹಿಡಿಸಿದರು. ಬಾಗೂರಿನಿಂದ ದಿನವೂ ಎರಡು ಬಸ್ಸು ಬದಲಿಸಿ ಬರುತ್ತಿದ್ದ, ನಮಗೆಲ್ಲ ಹಾಜರಿ ತಪ್ಪದಂತೆ ಬಾಗಿಲು ಮುಚ್ಚುವುದನ್ನು ಒಂದು ನಿಮಿಷ ತಡಮಾಡುತ್ತಿದ್ದ ಮನುಷ್ಯ ಅವರು. ಮುಖ್ಯಸ್ಥರು ನನ್ನ ಕಡೆ ತಿರುಗಿ, "ಹಾಕಮ್ಮ, ಏನೂ ಆಗಲ್ಲ" ಎಂದರು.

ನಾನು ಟೇಪನ್ನು ಕಿತ್ತೆ. ಸ್ವಿಚ್ ಒತ್ತಿದೆ.

ಹೊಸ ನಕ್ಷೆಯಲ್ಲಿ ಒಂದು ಕೆಪಾಸಿಟರಿನ ಕೂಡು ಗುರುತನ್ನು ನಾನು ತಿರುಗಿಸಿ ಬರೆದಿದ್ದೆ. ಕರೆಂಟನ್ನು ಹಿಡಿದಿಟ್ಟುಕೊಳ್ಳುವ ಹೆಬ್ಬೆರಳಿನ ಗಾತ್ರದ ಆ ಅಲ್ಯೂಮಿನಿಯಂ ಡಬ್ಬಿ ತಲೆಕೆಳಗಾಗಿ ಕೂತಿತ್ತು. ಅದು ಪಟಾಕಿಯಂತೆ ಸಿಡಿಯಿತು. ಡಬ್ಬಿಯ ಮೇಲ್ಭಾಗ ಹಾರಿ ತಿಮ್ಮಣ್ಣನವರ ಬಲಗಣ್ಣಿಗೆ ಬಡಿಯಿತು. ದಾರಿಯಲ್ಲಿ ಸೀರೀಸ್ ಬಲ್ಬು ಇದ್ದಿದ್ದರೆ ಆ ಬಲ್ಬು ಧಗ್ಗೆಂದು ಉರಿದು ನಮ್ಮನ್ನು ಎಚ್ಚರಿಸುತ್ತಿತ್ತು, ಸ್ವಿಚ್ ಆರಿಸಲು ನನಗೆ ಸಮಯ ಸಿಗುತ್ತಿತ್ತು. ಇನ್ನರ್ಧ ಗಂಟೆ ಕಾದಿದ್ದರೆ ಮೇಡಂ ಭೂತಗನ್ನಡಿಯಲ್ಲೇ ಆ ತಪ್ಪನ್ನು ಹಿಡಿಯುತ್ತಿದ್ದರು. ತಿಮ್ಮಣ್ಣನವರ ಆ ಕಣ್ಣಿಗೆ ದೃಷ್ಟಿ ಮರಳಲಿಲ್ಲ.

ಮೂರು ದಿನಗಳ ನಂತರ ಮುಖ್ಯಸ್ಥರ ಕೋಣೆಯಲ್ಲಿ ವರದಿ ಸಿದ್ಧವಾಗಿತ್ತು. ಒಂದೇ ಪುಟ. 'ವಿದ್ಯುತ್ ಪೂರೈಕೆಯ ಏರುಪೇರಿನಿಂದ ಬೋರ್ಡು ಸುಟ್ಟುಹೋಯಿತು. ಸಿಬ್ಬಂದಿಯೊಬ್ಬರಿಗೆ ಗಾಯವಾಯಿತು. ಆ ಸಮಯದಲ್ಲಿ ಪ್ರಯೋಗಾಲಯದ ಬೋಧಕಿ ಸ್ಥಳದಲ್ಲಿರಲಿಲ್ಲ.' ಕೆಳಗೆ ನಾಲ್ಕು ಸಹಿಗಳಿಗೆ ಜಾಗ. ಮೇಡಂ ನಿಂತುಕೊಂಡೇ ಓದಿದರು, ಎರಡು ಸಲ.

"ಇದ್ರಾಗೆ ಮನುಷ್ಯರೇ ಇಲ್ವಲ್ಲ ಸರ್."

"ಅಂದ್ರೆ?"

"ಬೋರ್ಡ್ ತಾನೇ ಸುಟ್ಕಂಡೈತೆ. ಗಾಯ ತಾನೇ ಆಗೈತೆ. ಮನುಷ್ಯರು ಅಂತ ಇರೋದು ನಾನೊಬ್ಳೇ. ಅದೂ ಇರಲಿಲ್ಲ ಅಂತ ಬರ್ದೀರಿ."

"ಸುಮ್ನೆ ಸಹಿ ಹಾಕ್ರಿ ಮೇಡಂ. ಜೂನ್ ತಿಂಗಳು ಬರ್ತಾ ಇದೆ, ನಿಮ್ಮ ಆರ್ಡರ್ ನಾನೇ ಕಳಿಸ್ಬೇಕು."

"ಅವತ್ತು ಊರಾಗೆ ಏರುಪೇರು ಆಗಿದ್ರೆ ನಿಮ್ಮ ಫ್ಯಾನು, ಕಂಪ್ಯೂಟರು ಎಲ್ಲಾ ಸುಡಬೇಕಿತ್ತು ಸರ್. ಅವು ಚೆನ್ನಾಗವೆ."

ಅವರು ಸಹಿ ಹಾಕಲಿಲ್ಲ. ತಮ್ಮ ಹೆಸರಿನ ಜಾಗದಲ್ಲಿ ಎರಡು ಸಾಲು ಬರೆದರು: 'ಬೋರ್ಡಿನ ಪರೀಕ್ಷೆ ಮುಗಿದಿರಲಿಲ್ಲ. ಕರೆಂಟು ಕೊಡಿಸಿದವರು ಯಾರು, ಕೊಟ್ಟವರು ಯಾರು ಎಂದು ವಿಚಾರಿಸಿರಿ.' ಕೊಟ್ಟವಳು ಯಾರೆಂದು ಅವರಿಗೆ ಗೊತ್ತಿತ್ತು. ಕಿತ್ತ ಟೇಪು ನನ್ನ ಪುಸ್ತಕದ ಬೆನ್ನಿಗೆ ಅಂಟಿಕೊಂಡೇ ಇದ್ದದ್ದನ್ನು ಅವರು ನೋಡಿದ್ದರು. ಆದರೂ ನನ್ನ ಹೆಸರನ್ನು ಬರೆಯಲಿಲ್ಲ. ಆ ಕೋಣೆಯಲ್ಲಿ ಒಮ್ಮೆ ನನ್ನ ಮುಖ ನೋಡಿದರು. ನಾನೇ ಹೇಳಲಿ ಎಂದು ಕಾಯುತ್ತಿದ್ದರು. ನನ್ನ ಕಡೆಯ ವರ್ಷದ ಅಂಕಗಳು ಮುಖ್ಯಸ್ಥರ ಕೈಯಲ್ಲಿದ್ದವು. ನಾನು ಹೇಳಲಿಲ್ಲ, ಮುಖ್ಯಸ್ಥರು ಬದಲಿ ಪ್ರತಿ ತೆಗೆಸಿದಾಗ ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದೆ. ಆ ಪ್ರತಿಯಲ್ಲಿ ಮೇಡಂ ಬರೆದ ಎರಡು ಸಾಲುಗಳಿರಲಿಲ್ಲ. ಜೂನ್‌ನಲ್ಲಿ ಅವರ ಆದೇಶ ಬರಲಿಲ್ಲ.

ಕಾಲೇಜು ಬಿಟ್ಟ ಮೇಲೆ ನಾನು ವಿಶ್ವವಿದ್ಯಾಲಯದಲ್ಲಿ ಮತ್ತೆ ಓದಿದೆ, ಪತ್ರಿಕೆಗಳಿಗೆ ಬರೆಯತೊಡಗಿದೆ. ಕುಸಿದ ಶಾಲೆಯ ಗೋಡೆಗೆ ಯಾರು ಹೊಣೆ, ಮುಚ್ಚದೆ ಬಿಟ್ಟ ಕೊಳವೆ ಬಾವಿಗೆ ಯಾರು ಹೊಣೆ ಎಂದು ಅಧಿಕಾರಿಗಳನ್ನು ಮುಖಕ್ಕೆ ಮುಖ ಕೊಟ್ಟು ಕೇಳಿದೆ. ಉತ್ತರ ಕೊಡದವರನ್ನು ಹೆಸರಿಸಿ ಬರೆದೆ. ಆ ಲೇಖನಗಳ ಒಂದೊಂದು ಅಕ್ಷರಕ್ಕೂ ನಾನು ಇಂದಿಗೂ ಬದ್ಧಳು. ಅವನ್ನು ಬರೆದವಳು ಒಂದು ಪ್ರಶ್ನೆಗೆ ಉತ್ತರ ಬಾಕಿ ಉಳಿಸಿಕೊಂಡಿದ್ದಳು ಎಂಬುದನ್ನೂ ಅವುಗಳ ಪಕ್ಕದಲ್ಲೇ ಇಟ್ಟು ಓದಬೇಕು.

ಸ್ಮರಣ ಸಂಚಿಕೆಯ ಪತ್ರ ಬಂದ ವಾರವೇ ನಾನು ಕಾಲೇಜಿನ ಕಚೇರಿಗೆ ಹೋಗಿ ಒಂದು ಹೇಳಿಕೆ ಕೊಟ್ಟೆ. ಸ್ವಿಚ್ ಒತ್ತಿದ್ದು ನಾನು. ಒತ್ತಲು ಹೇಳಿದ್ದು ವಿಭಾಗದ ಅಂದಿನ ಮುಖ್ಯಸ್ಥರು. ಎಚ್ಚರಿಕೆಯ ಟೇಪು ಅಂಟಿಸಿದ್ದು ಬೋಧಕಿ. ನಾನು ಸಾಕ್ಷಿ ಹಾಕಿದ ವರದಿ ಸುಳ್ಳು. ಗುಮಾಸ್ತರು ಓದಿ, "ಇದು ಸಂಚಿಕೆಗೆ ಕೊಡೋ ಲೇಖನಾನಾ?" ಎಂದು ಕೇಳಿದರು. "ಅಲ್ಲ, ಕಡತಕ್ಕೆ" ಎಂದೆ. "ಆ ಫೈಲ್ ಈಗ ಎಲ್ಲಿ ಹೋಗಿದ್ಯೋ ಏನೋ ಮೇಡಂ." ಅದನ್ನು ಹುಡುಕುವವರೆಗೆ ಇಲ್ಲೇ ಕೂರುತ್ತೇನೆ ಎಂದು ಕುರ್ಚಿ ಎಳೆದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಕಡತ ಸಿಕ್ಕಿತು; ಸ್ವೀಕೃತಿಯ ಮುದ್ರೆಯೂ ಬಿತ್ತು.

ಆ ಮುದ್ರೆಯ ಪ್ರತಿಯನ್ನು ಹಿಡಿದು ಹೊಳಲ್ಕೆರೆಗೆ ಬಂದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೇಡಂ ಈಗ ಒಂದು ಚಿಕ್ಕ ಅಂಗಡಿ ಇಟ್ಟುಕೊಂಡಿದ್ದಾರೆ. ಪಂಪಿನ ಸ್ಟಾರ್ಟರು, ತೂಕದ ಯಂತ್ರ, ಇನ್ವರ್ಟರುಗಳ ಬೋರ್ಡು ರಿಪೇರಿ. ಕೂದಲು ಪೂರ್ತಿ ನೆರೆತಿದೆ. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. "ಬಾ ಕುಂತ್ಕ. ಇದೊಂದು ಬೆಸುಗೆ ಮುಗಿಸ್ತೀನಿ" ಎಂದರು. ಮುಗಿಸಿ, ಕಾಗದ ತೆಗೆದುಕೊಂಡು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಏನಾದರೂ ಅನ್ನಲಿ, ಬೈಯಲಿ, ಅಳಲಿ ಎಂದು ನಾನು ಕಾದಿದ್ದೆ.

"ಅವನಿಗೆ ತೋರ್ಸಿದ್ಯಾ?" ಎಂದರು.

"ಯಾರಿಗೆ?"

ಆ ಪ್ರಶ್ನೆ ಬಾಯಿಂದ ಹೊರಬಿದ್ದ ಕ್ಷಣವೇ ಅದನ್ನು ನಾನು ಕೇಳಿಸಿಕೊಂಡೆ. ಅವರು ಕಾಗದವನ್ನು ಮಡಿಸಿ ನನ್ನ ಕೈಗಿಟ್ಟರು.

"ನಾನು ಅವತ್ತು ಸಹಿ ಹಾಕ್ದೆ ಇದ್ದಿದ್ದು ನನ್ನ ನೌಕ್ರಿಗೆ ಅಂದ್ಕಂಡ್ಯಾ? ನನ್ ಕೈಯಾಗೆ ಕೆಲ್ಸ ಐತೆ, ಎಲ್ಲಾದ್ರೂ ಬದುಕ್ತೀನಿ ಅಂತ ಗೊತ್ತಿತ್ತು. ಕರೆಂಟೇ ಮಾಡಿದ್ದು ಅಂತ ನಾಕು ಜನ ಬರ್ಕೊಟ್ರೆ ತಿಮ್ಮಣ್ಣನ ಕಣ್ಣಿಗೆ ಯಾರೂ ಜವಾಬ್ದಾರಿ ಇರಲ್ಲ ಕಣೇ. ಅದೇ ಆಯ್ತಲ್ಲ. ಆಸ್ಪತ್ರೆಯಿಂದ ಬಂದ ಮ್ಯಾಲೆ ಒಂದು ಕಣ್ಣಿನೋನಿಗೆ ಲ್ಯಾಬ್ ಕೆಲ್ಸ ಆಗಲ್ಲ ಅಂತ ಕಳಿಸಿದ್ರು. ಪರಿಹಾರ ಕೇಳಾಕೆ ಹೋದ್ರೆ ಕಾಲೇಜಿನ ತಪ್ಪಿಲ್ಲ, ನೋಡು ವರದಿ ಅಂತ ತೋರ್ಸಿದ್ರು."

"ನನಗೆ ಗೊತ್ತಿರಲಿಲ್ಲ ಮೇಡಂ."

"ನೀನು ಕೇಳಿರಲಿಲ್ಲ."

ಅವರು ಅಂಗಡಿಯ ಬಾಗಿಲೆಳೆದು ಬೀಗ ಹಾಕಿದರು. "ನಡಿ, ಹೋಗಾಣ. ಹೊಸದುರ್ಗದ ಬಸ್ಸು ಇನ್ನೇನು ಬರುತ್ತೆ."

ಹೊಸದುರ್ಗದಲ್ಲಿ ಬಸ್ಸು ಬದಲಿಸಿ ಬಾಗೂರು ತಲುಪಿದಾಗ ಇನ್ನೂ ಬಿಸಿಲಿತ್ತು. ತಿಮ್ಮಣ್ಣನವರು ಮನೆಯ ಮುಂದೆ ನೆಟ್ಟಿದ್ದ ಕಬ್ಬಿಣದ ಮೊನೆಗೆ ತೆಂಗಿನಕಾಯಿಗಳನ್ನು ಕುಕ್ಕಿ ಸುಲಿಯುತ್ತಿದ್ದರು. ಯಾರದೋ ತೋಟದ ಕಾಯಿ, ಕೂಲಿಗೆ. ಒಂದೇ ಕಣ್ಣಿನಲ್ಲಿ ಮೊನೆಯ ದೂರ ಅಳೆಯಬೇಕಾದ್ದರಿಂದ ಪ್ರತಿ ಸಲವೂ ಕಾಯಿಯನ್ನು ಮೊದಲು ಮೊನೆಗೆ ಸೋಕಿಸಿ, ಆಮೇಲೆ ಎತ್ತಿ ಕುಕ್ಕುತ್ತಿದ್ದರು. ಮೇಡಂ ಅವರನ್ನು ನೋಡಿ ತಿಮ್ಮಣ್ಣನವರ ಮುಖ ಅರಳಿತು.

"ಓಹೋ ಮೇಡಮ್ಮೋರು! ನಮ್ಮನ್ಯಾಗೆ ಕೆಟ್ಟಿರಾದು ಅಂದ್ರೆ ನಾನೊಬ್ನೇ, ರಿಪೇರಿಗೆ ಬಂದ್ರಾ?"

"ನಿಮ್ಮನ್ನ ರಿಪೇರಿ ಮಾಡಾಕೆ ನಿಮ್ಮ ಹೆಂಡ್ತಿ ಕೈಲೇ ಆಗಿಲ್ಲ, ನನ್ ಕೈಲಾಗುತ್ತಾ? ಇವ್ಳು ಏನೋ ಹೇಳ್ಬೇಕಂತೆ, ಕೇಳ್ರಿ."

ಬಸ್ಸಿನಲ್ಲಿ ನಾನು ಕಟ್ಟಿಕೊಂಡು ಬಂದಿದ್ದ ಮಾತುಗಳು ಒಂದೂ ಉಪಯೋಗಕ್ಕೆ ಬರಲಿಲ್ಲ. "ತಿಮ್ಮಣ್ಣ, ಅವತ್ತು ಸ್ವಿಚ್ ಒತ್ತಿದ್ದು ನಾನು" ಎಂದಷ್ಟೇ ಹೇಳಿದೆ.

ಅವರು ಇನ್ನೊಂದು ಕಾಯಿ ಎತ್ತಿಕೊಂಡರು. ಮೊನೆಗೆ ಸೋಕಿಸಿದರು.

"ಗೊತ್ತೈತೆ ಕಣವ್ವ. ಎದುರಿಗೇ ನಿಂತಿದ್ನಲ್ಲ. ಈ ಕಣ್ಣಾಗೆ ಕಡೇಗೆ ಕಂಡಿದ್ದು ನಿನ್ನ ಬೆರಳೇ."

"ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ ನೀವು?"

"ಯಾರಾದ್ರೂ ಬಂದು ಕೇಳ್ಬೇಕಲ್ಲ, ಹೇಳಾಕೆ."

ಅವರ ಹೇಳಿಕೆ ಎಂಬುದು ಇಡೀ ಕಡತದಲ್ಲಿ ಇರಲಿಲ್ಲವೆಂದು ನನಗೆ ಹೊಳೆದದ್ದು ಆಗ. ಆ ಕಡತವನ್ನು ಅರ್ಧ ದಿನ ಕೂತು ತೆಗೆಸಿ, ನನ್ನ ಕೈಯಾರೆ ಪುಟ ತಿರುವಿ ನೋಡಿದ್ದೆ. ವರದಿಗೆ ಸಹಿ ಹಾಕಿದ ಮೂವರ ಮಾತಿತ್ತು. ಕಣ್ಣು ಕಳೆದುಕೊಂಡವನದಿರಲಿಲ್ಲ. ಇಲ್ಲವೆಂಬುದು ನನ್ನ ಗಮನಕ್ಕೂ ಬಂದಿರಲಿಲ್ಲ.

ಮೇಡಂ ಜಗುಲಿ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಚೀಲದಿಂದ ಬಿಳಿ ಹಾಳೆ ತೆಗೆದು, "ಈಗ ಹೇಳಿ ತಿಮ್ಮಣ್ಣ. ನೀವು ಹೇಳಿದಂತೆಯೇ ಬರೆಯುತ್ತೇನೆ. ಸೋಮವಾರ ಮೂವರೂ ಹೋಗಿ ಕೊಡೋಣ, ಮುದ್ರೆ ಹಾಕಿಸೋಣ. ಪರಿಹಾರಕ್ಕೆ ಹೊಸ ಅರ್ಜಿ ಹಾಕಿ ಅದರ ಜೊತೆ ಇದನ್ನೂ ಇಡೋಣ" ಎಂದೆ.

ಅವರು ಕೈಗೆ ಹತ್ತಿದ ನಾರನ್ನು ಕೊಡವಿಕೊಂಡು ನನ್ನ ಎದುರಿಗೆ ಬಂದು ಕುಳಿತರು. ಒಳ್ಳೆಯ ಕಣ್ಣು ಹಾಳೆಯ ಕಡೆಗೆ ಬರುವಂತೆ ಸ್ವಲ್ಪ ತಿರುಗಿ.

"ಕಣ್ಣಿನ ಇಚಾರ ಆಮೇಲೆ ಹೇಳ್ತೀನಿ" ಎಂದರು. "ಏಳು ವರ್ಸ ನನ್ನ ಯಾರೂ ಕೇಳ್ಳಿಲ್ಲ ಅಂತ ಮೊದ್ಲು ಬರಿ."

ಬರೆದೆ.